ಗೋಡೆಗೆ ಹಚ್ಚಿದ ವಸಂತ

1861ರ ನವೆಂಬರ್ ತಿಂಗಳಲ್ಲಿ ಲಂಡನ್ನಿನಲ್ಲಿ 19 ವರ್ಷದ ಹುಡುಗಿಯೊಬ್ಬಳು ಸತ್ತಳು. ಹೆಸರು ಮಟಿಲ್ಡಾ ಶೂರರ್. ಕೃತಕ ಹೂವು ತಯಾರಿಸುವ ಕಾರ್ಖಾನೆಯಲ್ಲಿ ಅವಳ ಕೆಲಸ. ಬಟ್ಟೆಯಿಂದ ಕತ್ತರಿಸಿದ ಎಲೆಗಳ ಮೇಲೆ ಹಸಿರು ಪುಡಿ ಉದುರಿಸಿ, ಅವು ಈಗಷ್ಟೇ ಚಿಗುರಿದಂತೆ ಕಾಣುವ ಹಾಗೆ ಮಾಡಬೇಕಿತ್ತು. ಆ ಪುಡಿ ಗಾಳಿಯಲ್ಲಿ ಹಾರಿ ಅವಳ ಮೂಗು ಸೇರುತ್ತಿತ್ತು, ಕೈಬೆರಳಿಗೆ ಅಂಟಿ ಊಟದ ಜೊತೆ ಹೊಟ್ಟೆ ಸೇರುತ್ತಿತ್ತು. ಕೊನೆಯ ದಿನಗಳಲ್ಲಿ ಅವಳು ಹಸಿರು ವಾಂತಿ ಮಾಡಿಕೊಂಡಳು. ಕಣ್ಣಿನ ಬಿಳಿಭಾಗವೂ ಹಸಿರಾಗಿತ್ತು. ನೋಡಿದ್ದೆಲ್ಲ ಹಸಿರಾಗಿ ಕಾಣುತ್ತಿದೆ ಎಂದು ಅವಳೇ ಹೇಳಿದ್ದಳು. ಆ ಪುಡಿ ತಾಮ್ರ ಮತ್ತು ಆರ್ಸೆನಿಕ್ ಸೇರಿದ ಬಣ್ಣ. ಆರ್ಸೆನಿಕ್ ಎಂದರೆ ನಮ್ಮ ಕಡೆ ಪಾಷಾಣ ಎಂದು ಕರೆಯುವ, ಇಲಿ ಸಾಯಿಸಲು ಇಡುತ್ತಿದ್ದ ಅದೇ ವಸ್ತು.

ಅವಳು ಮಾಡುತ್ತಿದ್ದ ಎಲೆ-ಹೂವುಗಳು ಹೆಂಗಸರ ಮುಡಿಗೆ, ಟೋಪಿಗೆ ಹೋಗುತ್ತಿದ್ದವು. ಅದೇ ಹಸಿರು ಕಾಗದಕ್ಕೆ ಹತ್ತಿ ಲಕ್ಷಾಂತರ ಮನೆಗಳ ಗೋಡೆಗಳ ಮೇಲೆ ಆಗಲೇ ಕುಳಿತಿತ್ತು. ಚಳಿಗಾಲ ಮುಗಿದು ವಸಂತ ಬರುವಾಗ, ಕಡಿಮೆ ಖರ್ಚಿನಲ್ಲಿ ಮನೆಯ ಮುಂಗೋಣೆಯನ್ನು ಹೊಸದು ಮಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಕಂಡುಕೊಂಡಿದ್ದ ಉತ್ತರ ಅದು.

ಈ ಪ್ರಶ್ನೆ ನಮಗೆ ಹೊಸದೇನಲ್ಲ. ಯುಗಾದಿಗೆ ಮುಂಚೆ ಮನೆಯ ಸಾಮಾನೆಲ್ಲ ಅಂಗಳಕ್ಕೆ ತಂದಿಟ್ಟು, ಜೇಡ ಹೊಡೆದು, ಸುಣ್ಣ ಬಳಿದು, ಬಾಗಿಲಿಗೆ ಮಾವಿನೆಲೆ ಕಟ್ಟುವುದು ನಮ್ಮ ರೂಢಿ. ಇಂಗ್ಲೆಂಡಿನ ಮನೆಗೆ ಇದರ ಅಗತ್ಯ ಇನ್ನೂ ಹೆಚ್ಚಿತ್ತು. ಐದಾರು ತಿಂಗಳು ಕಿಟಕಿ ಮುಚ್ಚಿ ಕಲ್ಲಿದ್ದಲು ಉರಿಸಿದ ಕೋಣೆಯಲ್ಲಿ ಗೋಡೆ, ಪರದೆ, ಸೂರು ಎಲ್ಲದರ ಮೇಲೂ ಮಸಿ ಕೂತಿರುತ್ತಿತ್ತು. ಬಿಸಿಲು ಬಂದ ಕೂಡಲೇ ಅದನ್ನೆಲ್ಲ ಉಜ್ಜಿ ತೆಗೆಯುವುದು ಗೃಹಿಣಿಯರ ವರ್ಷದ ದೊಡ್ಡ ಕೆಲಸ. ಗೋಡೆಗೆ ಹೊಸ ಕಾಗದ ಅಂಟಿಸುವುದೂ ಅದರ ಜೊತೆಗೇ ಬರುತ್ತಿತ್ತು.

ಆದರೆ ಗೋಡೆಗೆ ಕಾಗದ ಎಂಬುದು ಬಹುಕಾಲ ಉಳ್ಳವರ ಮಾತಾಗಿತ್ತು. 1712ರಲ್ಲಿ ಬ್ರಿಟನ್ ಸರ್ಕಾರ ಬಣ್ಣದ ಗೋಡೆಕಾಗದದ ಮೇಲೆ ತೆರಿಗೆ ಹಾಕಿತು. ತೆರಿಗೆ ಕಟ್ಟಿದ್ದಕ್ಕೆ ಕಾಗದದ ಹಿಂಬದಿಯಲ್ಲಿ ಮುದ್ರೆ ಬೀಳುತ್ತಿತ್ತು. 1806ರಲ್ಲಿ ಆ ಮುದ್ರೆಯನ್ನು ನಕಲು ಮಾಡಿದವರಿಗೆ ಮರಣದಂಡನೆ ಎಂದೂ ಕಾನೂನಾಯಿತು. ಕಿಟಕಿಗಳಿಗೂ ತೆರಿಗೆ ಇತ್ತು. 1696ರಿಂದ 1851ರವರೆಗೆ ಮನೆಯ ಕಿಟಕಿಗಳನ್ನು ಎಣಿಸಿ ದುಡ್ಡು ವಸೂಲಿ ಮಾಡುತ್ತಿದ್ದರು. ತೆರಿಗೆ ಉಳಿಸಲು ಜನ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದರು. ಹೊಸ ಮನೆ ಕಟ್ಟುವವರು ಕಿಟಕಿಗಳನ್ನೇ ಕಡಿಮೆ ಇಟ್ಟರು. ಹೀಗಾಗಿ ಸಾಮಾನ್ಯರ ಕೋಣೆಯಲ್ಲಿ ಬೆಳಕೂ ಇರಲಿಲ್ಲ, ಬಣ್ಣವೂ ಇರಲಿಲ್ಲ.

1836ರಲ್ಲಿ ಗೋಡೆಕಾಗದದ ತೆರಿಗೆ ರದ್ದಾಯಿತು. 1839ರಲ್ಲಿ ಲ್ಯಾಂಕಾಶೈರ್‌ನ ಡಾರ್ವೆನ್ ಎಂಬ ಊರಿನ ಪಾಟರ್ ಕುಟುಂಬದ ಕಾರ್ಖಾನೆ, ಬಟ್ಟೆಗೆ ಅಚ್ಚು ಹಾಕುವ ಉರುಳೆ ಯಂತ್ರವನ್ನೇ ಮಾರ್ಪಡಿಸಿ ಕಾಗದಕ್ಕೆ ಬಣ್ಣ ಮುದ್ರಿಸುವ ಯಂತ್ರಕ್ಕೆ ಪೇಟೆಂಟ್ ಪಡೆಯಿತು. ಮರದ ಅಚ್ಚಿನಿಂದ ಕೈಯಲ್ಲಿ ಒತ್ತುತ್ತಿದ್ದ ಕೆಲಸ ಉಗಿಯಂತ್ರಕ್ಕೆ ಹೋಯಿತು. 1834ರಲ್ಲಿ ಬ್ರಿಟನ್‌ನಲ್ಲಿ ತಯಾರಾದ ಗೋಡೆಕಾಗದದ ಸುರುಳಿಗಳು ಸುಮಾರು 12 ಲಕ್ಷ. 1874ರ ಹೊತ್ತಿಗೆ ಅದು 3 ಕೋಟಿ 20 ಲಕ್ಷ ಮುಟ್ಟಿತು. ಬೆಲೆ ಎಷ್ಟು ಇಳಿಯಿತೆಂದರೆ ಗುಮಾಸ್ತರು, ಅಂಗಡಿಯವರು, ಕೂಲಿಯವರೂ ಕೊಳ್ಳತೊಡಗಿದರು. ಹಳೆಯ ಕಾಗದ ಕೀಳುವ ತಾಪತ್ರಯವನ್ನೂ ಅನೇಕರು ತೆಗೆದುಕೊಳ್ಳುತ್ತಿರಲಿಲ್ಲ. ಅದರ ಮೇಲೆಯೇ ಹಿಟ್ಟಿನ ಅಂಟು ಬಳಿದು ಹೊಸದನ್ನು ಅಂಟಿಸುತ್ತಿದ್ದರು. ಕೆಲವು ಗೋಡೆಗಳಲ್ಲಿ ಹಲವು ವರ್ಷಗಳ ಕಾಗದ ಪದರಪದರವಾಗಿ ಕೂತಿರುತ್ತಿತ್ತು.

ಕಾಗದದ ಮೇಲೆ ಎಲ್ಲರೂ ಬಯಸಿದ ಬಣ್ಣಗಳಲ್ಲಿ ಹಸಿರು ಮುಂದಿತ್ತು. 1851ರ ಜನಗಣತಿಯಲ್ಲಿ ಇಂಗ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು. ಒಂದು ತಲೆಮಾರಿನ ಹಿಂದೆ ಹೊಲದ ನಡುವೆ ಇದ್ದವರು ಈಗ ಹೊಗೆ ತುಂಬಿದ ಬೀದಿಗಳಲ್ಲಿದ್ದರು. ಬಿಟ್ಟುಬಂದ ಹಸಿರನ್ನು ಗೋಡೆಯ ಮೇಲಾದರೂ ನೋಡಬೇಕೆಂಬ ಆಸೆ ಸಹಜವಾದದ್ದು. ಬಳ್ಳಿ, ಎಲೆ, ಗುಲಾಬಿ, ಹುಲ್ಲುಗಾವಲಿನ ಹೂವು, ಇವೇ ಕಾಗದದ ಮೇಲಿನ ಚಿತ್ರಗಳು.

ಈ ಆಸೆ ಮೊದಲೂ ಇತ್ತು, ಆದರೆ ಒಳ್ಳೆಯ ಹಸಿರು ಇರಲಿಲ್ಲ. ಹಳದಿಯ ಮೇಲೆ ನೀಲಿ ಬಳಿದರೆ ಕೆಲವೇ ದಿನಗಳಲ್ಲಿ ಒಂದು ಮಾಸುತ್ತಿತ್ತು. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಕಂದುಬಣ್ಣಕ್ಕೆ ತಿರುಗುತ್ತಿತ್ತು. 1775ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಶೀಲೆ ತಾಮ್ರ ಮತ್ತು ಆರ್ಸೆನಿಕ್‌ನಿಂದ ಹೊಸ ಹಸಿರೊಂದನ್ನು ತಯಾರಿಸಿದ. 1814ರಲ್ಲಿ ಜರ್ಮನಿಯ ಶ್ವೈನ್‌ಫರ್ಟ್ ಊರಿನಲ್ಲಿ ಅದಕ್ಕಿಂತ ಹೊಳಪಿನ, ಗಟ್ಟಿಯಾದ ಇನ್ನೊಂದು ಹಸಿರು ತಯಾರಾಯಿತು. ಅದಕ್ಕೂ ಆಧಾರ ಆರ್ಸೆನಿಕ್ಕೇ. ಇಂಗ್ಲಿಷರು ಅದನ್ನು ಎಮರಾಲ್ಡ್ ಗ್ರೀನ್, ಅಂದರೆ ಪಚ್ಚೆಯ ಹಸಿರು ಎಂದು ಕರೆದರು. ಅದು ಮಾಸುತ್ತಿರಲಿಲ್ಲ, ದೀಪದ ಬೆಳಕಿನಲ್ಲೂ ಮಂಕಾಗುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಗ್ಗವಾಗಿತ್ತು.

ಅಗ್ಗವಾಗಲು ಕಾರಣವಿತ್ತು. ತಾಮ್ರದ ಅದಿರು ಕಾಯಿಸುವಾಗ ಅದರಲ್ಲಿರುವ ಆರ್ಸೆನಿಕ್ ಹೊಗೆಯಾಗಿ ಏಳುತ್ತದೆ. ಆ ಹೊಗೆಯನ್ನು ಉದ್ದನೆಯ ಕೊಳವೆ-ಗೂಡುಗಳಲ್ಲಿ ಹಾಯಿಸಿದರೆ ತಣ್ಣಗಾಗಿ ಬಿಳಿ ಪುಡಿಯಾಗಿ ಗೋಡೆಗೆ ಕೂರುತ್ತದೆ. ಗಣಿಯವರಿಗೆ ಅದು ತ್ಯಾಜ್ಯದಿಂದ ಸಿಗುವ ಲಾಭ. ಅದನ್ನು ಕೆರೆದು ತೆಗೆಯುವ ಕೂಲಿಗಳು ಮೂಗಿಗೆ ಹತ್ತಿ ತುರುಕಿಕೊಂಡು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಚರ್ಮಕ್ಕೆ ಜೇಡಿಮಣ್ಣು ಬಳಿದುಕೊಂಡು ಒಳಗೆ ಇಳಿಯುತ್ತಿದ್ದರು. ಇಂಗ್ಲೆಂಡಿನ ನೈಋತ್ಯದ ಡೆವನ್ ಮತ್ತು ಕಾರ್ನ್‌ವಾಲ್ ಈ ಉದ್ಯಮದ ತವರಾದವು.

ಎಚ್ಚರಿಕೆಯ ಮೊದಲ ಮಾತುಗಳಲ್ಲಿ ಒಂದು ಬಂದದ್ದು 1839ರಲ್ಲಿ, ಪಾಟರ್ ಯಂತ್ರಕ್ಕೆ ಪೇಟೆಂಟ್ ಸಿಕ್ಕ ವರ್ಷವೇ. ಹೈಡೆಲ್‌ಬರ್ಗ್‌ನ ರಸಾಯನ ವಿಜ್ಞಾನಿ ಲಿಯೋಪೋಲ್ಡ್ ಗ್ಮೆಲಿನ್ ಜರ್ಮನಿಯ ಪತ್ರಿಕೆಯೊಂದರಲ್ಲಿ ಬರೆದ: ತೇವದ ಕೋಣೆಗಳಲ್ಲಿ ಹಸಿರು ಕಾಗದ ಅಂಟಿಸಿದ ಗೋಡೆಯಿಂದ ಇಲಿಯ ವಾಸನೆಯಂಥ ಕೆಟ್ಟ ವಾಸನೆ ಬರುತ್ತದೆ, ಅದು ಆರ್ಸೆನಿಕ್ ಕೂಡಿದ ಅನಿಲವಿರಬಹುದು, ಇಂಥ ಬಣ್ಣ ನಿಲ್ಲಬೇಕು. ಮುಂದಿನ ವರ್ಷಗಳಲ್ಲಿ ಜರ್ಮನ್ ರಾಜ್ಯಗಳಲ್ಲಿ, ಆಮೇಲೆ ಸ್ವೀಡನ್ನಿನಲ್ಲಿ ನಿರ್ಬಂಧಗಳು ಬಂದವು. ಬ್ರಿಟನ್‌ನಲ್ಲಿ ಬರಲಿಲ್ಲ.

ಬ್ರಿಟನ್ನಿಗೆ ಆರ್ಸೆನಿಕ್ಕಿನ ಭಯವಿರಲಿಲ್ಲ ಎಂದಲ್ಲ. 1851ರಲ್ಲಿ ಅದಕ್ಕಾಗಿಯೇ ಕಾಯ್ದೆ ಮಾಡಿದರು. ಅಂಗಡಿಯಲ್ಲಿ ಪಾಷಾಣ ಕೊಳ್ಳುವವರು ಪುಸ್ತಕದಲ್ಲಿ ಸಹಿ ಹಾಕಬೇಕು, ಅಂಗಡಿಯವನು ಚಿಲ್ಲರೆ ಪಾಷಾಣಕ್ಕೆ ಮಸಿ ಇಲ್ಲವೇ ನೀಲಿ ಬೆರೆಸಿ ಗುರುತು ಸಿಗುವಂತೆ ಮಾಡಬೇಕು ಎಂದಾಯಿತು. ಹೆಂಡತಿ ಗಂಡನಿಗೆ, ಸೊಸೆ ಅತ್ತೆಗೆ ವಿಷ ಹಾಕಬಹುದೆಂಬ ಅನುಮಾನ ಈ ಕಾಯ್ದೆಯ ಬೆನ್ನಿಗಿತ್ತು. ಆದರೆ ಕಾರ್ಖಾನೆಗಳು ಟನ್‌ಗಟ್ಟಲೆ ಕೊಳ್ಳುವುದಕ್ಕೆ ಇದು ಅಡ್ಡಬರಲಿಲ್ಲ. ಇಲಿಗೆಂದು ಚಿಟಿಕೆ ಪಾಷಾಣ ತರಲು ಹೋದ ಹೆಂಗಸು ಸಹಿ ಹಾಕಬೇಕಿತ್ತು. ಅದೇ ಹೆಂಗಸು ಪಕ್ಕದ ಅಂಗಡಿಯಿಂದ ಕೋಣೆಗೆ ಸಾಲುವಷ್ಟು ಹಸಿರು ಕಾಗದ ತಂದರೆ ಕೇಳುವವರೇ ಇರಲಿಲ್ಲ.

1857ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೈದ್ಯ ವಿಲಿಯಂ ಹೈಂಡ್ಸ್ ತನ್ನದೇ ಅನುಭವವನ್ನು ವೈದ್ಯಕೀಯ ಪತ್ರಿಕೆಗೆ ಬರೆದ. ಓದುವ ಕೋಣೆಗೆ ಚೆಂದದ ಹಸಿರು ಕಾಗದ ಹಾಕಿಸಿದ್ದ. ಒಂದೆರಡು ದಿನಗಳಲ್ಲೇ ಸಂಜೆ ಅಲ್ಲಿ ಕೂತರೆ ಹೊಟ್ಟೆನೋವು, ವಾಕರಿಕೆ, ನಿಶ್ಶಕ್ತಿ ಶುರುವಾದವು. ಬೇರೆ ಕೋಣೆಯಲ್ಲಿ ಏನೂ ಆಗುತ್ತಿರಲಿಲ್ಲ. ಕಾಗದವನ್ನು ಪರೀಕ್ಷಿಸಿದಾಗ ಆರ್ಸೆನಿಕ್ ಸಿಕ್ಕಿತು. ಕಿತ್ತು ಹಾಕಿದ ಮೇಲೆ ಆರೋಗ್ಯ ಮರಳಿತು. ಹೀಗೆ ಕಾರಣವನ್ನು ಕಂಡುಹಿಡಿಯುವ ಅದೃಷ್ಟ ಎಲ್ಲರಿಗೂ ಇರಲಿಲ್ಲ. ಹೊಟ್ಟೆನೋವು, ತಲೆನೋವು, ಗಂಟಲು ಕೆರೆತ, ಕಣ್ಣುರಿ, ಇವು ಬೇರೆ ನೂರು ಕಾಯಿಲೆಗಳಿಗೂ ಲಕ್ಷಣಗಳೇ. ವೈದ್ಯರು ಹವಾ ಬದಲಾವಣೆಗೆ ಸಮುದ್ರತೀರಕ್ಕೆ ಹೋಗಿ ಎನ್ನುತ್ತಿದ್ದರು. ರೋಗಿ ಹೋಗಿ ಗುಣವಾಗುತ್ತಿದ್ದ, ಸಮುದ್ರದ ಗಾಳಿಗೆ ಕೀರ್ತಿ ಬರುತ್ತಿತ್ತು. ಮನೆಗೆ ಮರಳಿದ ಕೆಲವು ದಿನಕ್ಕೆ ಮತ್ತೆ ಕಾಯಿಲೆ.

1862ರಲ್ಲಿ ಲಂಡನ್ನಿನ ಪೂರ್ವಭಾಗದ ಲೈಮ್‌ಹೌಸ್‌ನಲ್ಲಿ, ಕೂಲಿಕಾರರ ಬಡಾವಣೆಯಲ್ಲಿ, ಒಂದೇ ಮನೆಯ ನಾಲ್ಕು ಮಕ್ಕಳು ಒಬ್ಬರ ಹಿಂದೆ ಒಬ್ಬರು ಸತ್ತರು. ಗಂಟಲಿನ ತೊಂದರೆ ಕಂಡು ಮೊದಲು ಅದನ್ನು ಡಿಫ್ತೀರಿಯಾ ಎಂದುಕೊಂಡಿದ್ದರು. ಆದರೆ ಅಕ್ಕಪಕ್ಕದ ಮನೆಗಳಲ್ಲಿ ಯಾರಿಗೂ ಆ ರೋಗವಿರಲಿಲ್ಲ. ಥಾಮಸ್ ಆರ್ಟನ್ ಎಂಬ ವೈದ್ಯ ನೀರು, ಚರಂಡಿ ಎಲ್ಲವನ್ನೂ ನೋಡಿ ಕೊನೆಗೆ ಮಕ್ಕಳು ಮಲಗುತ್ತಿದ್ದ ಕೋಣೆಯ ಹಸಿರು ಗೋಡೆಯ ಮುಂದೆ ನಿಂತ. ರಸಾಯನ ವಿಜ್ಞಾನಿ ಹೆನ್ರಿ ಲೆದಬಿ ಆ ಕಾಗದವನ್ನು ಪರೀಕ್ಷಿಸಿದಾಗ ಪ್ರತಿ ಚದರ ಅಡಿಗೆ 3 ಗ್ರೇನ್, ಅಂದರೆ ಸುಮಾರು 200 ಮಿಲಿಗ್ರಾಂ ಆರ್ಸೆನಿಕ್ ಇತ್ತು. ಆ ಮನೆಯವರು ಬಡವರು. ತಮ್ಮ ಕೈಗೆಟಕುವ ಬೆಲೆಯಲ್ಲಿ ಮಕ್ಕಳ ಕೋಣೆಗೆ ಒಂದಿಷ್ಟು ಚೆಲುವು ತಂದುಕೊಟ್ಟದ್ದೇ ಅವರು ಮಾಡಿದ ತಪ್ಪು.

ಅದೇ ವರ್ಷ ಮಟಿಲ್ಡಾ ಶೂರರ್‌ಳ ಸಾವೂ ಸುದ್ದಿಯಲ್ಲಿತ್ತು. ಲೇಡೀಸ್ ಸ್ಯಾನಿಟರಿ ಅಸೋಸಿಯೇಷನ್ ಎಂಬ ಮಹಿಳಾ ಸಂಘಟನೆ ಅವಳ ಪ್ರಕರಣವನ್ನು ಕೈಗೆತ್ತಿಕೊಂಡು, ಆ ಕಾಲದ ಹೆಸರಾಂತ ರಸಾಯನ ವಿಜ್ಞಾನಿ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್‌ನಿಂದ ಕೃತಕ ಎಲೆಗಳನ್ನು ಪರೀಕ್ಷೆ ಮಾಡಿಸಿತು. ಒಬ್ಬ ಹೆಂಗಸು ಮುಡಿಗೆ ಇಟ್ಟುಕೊಳ್ಳುವ ಎಲೆಗಳಲ್ಲಿ 20 ಜನರನ್ನು ಕೊಲ್ಲುವಷ್ಟು ವಿಷವಿದೆ ಎಂದು ಆತ ಲೆಕ್ಕ ಹಾಕಿ ತೋರಿಸಿದ. ವರದಿ 1862ರ ಫೆಬ್ರವರಿಯಲ್ಲಿ ದಿ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಹಸಿರು ಉಡುಪಿನ ಹೆಂಗಸರನ್ನು ನೋಡಿದರೆ ಜನ ದೂರ ಸರಿಯುವಂತಾಯಿತು. ವ್ಯಂಗ್ಯಪತ್ರಿಕೆ ಪಂಚ್, ಅಸ್ಥಿಪಂಜರಗಳು ಜೋಡಿಯಾಗಿ ನರ್ತನಕ್ಕೆ ಸಿದ್ಧವಾಗಿ ನಿಂತ ಚಿತ್ರ ಹಾಕಿತು.

ಇಷ್ಟಾದರೂ ಗೋಡೆಗಳ ಮೇಲಿನ ಹಸಿರು ಇಳಿಯಲು ಇನ್ನೂ ಸುಮಾರು 20 ವರ್ಷ ಬೇಕಾಯಿತು. ಏಕೆ ಎಂಬುದೇ ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿ.

ತಯಾರಕರ ವಾದ ಸರಳವಾಗಿತ್ತು: ಲಕ್ಷಗಟ್ಟಲೆ ಜನ ಇಂಥ ಕೋಣೆಗಳಲ್ಲಿ ಬದುಕುತ್ತಿದ್ದಾರೆ, ಎಲ್ಲರೂ ಸಾಯುತ್ತಿಲ್ಲವಲ್ಲ. ಅದು ಸುಳ್ಳೂ ಆಗಿರಲಿಲ್ಲ. ಒಣಗಿದ, ಗಾಳಿಯಾಡುವ ಕೋಣೆಯಲ್ಲಿ ಅದೇ ಕಾಗದ ವರ್ಷಗಟ್ಟಲೆ ಏನೂ ಮಾಡದೆ ಇರುತ್ತಿತ್ತು. ತೇವದ ಗೋಡೆಯಲ್ಲಿ, ಬಣ್ಣ ಸರಿಯಾಗಿ ಅಂಟದೆ ಪುಡಿ ಉದುರುವ ಅಗ್ಗದ ಕಾಗದದಲ್ಲಿ ಅಪಾಯ ಹೆಚ್ಚು. ಒಂದೇ ಮನೆಯಲ್ಲಿ ಅಪ್ಪ ದಿನವಿಡೀ ಹೊರಗೆ ದುಡಿಯುತ್ತಿದ್ದ, ತಾಯಿ-ಮಕ್ಕಳು ಒಳಗಿರುತ್ತಿದ್ದರು. ಅವನಿಗೆ ಏನೂ ಆಗದಿದ್ದರೆ, ನನಗೇನೂ ಆಗಿಲ್ಲವಲ್ಲ ಎಂದು ಅವನೇ ಸಾಕ್ಷಿ ಹೇಳುತ್ತಿದ್ದ. ಮನೆಯ ಒಳಗೆ ಹೆಚ್ಚು ಹೊತ್ತು ಕಳೆಯುವವರ ಮಾತು ಮನೆಯ ಹೊರಗೆ ಕೇಳಿಸುತ್ತಿರಲಿಲ್ಲ.

ವಿಷ ಮೈಗೆ ಹೇಗೆ ಸೇರುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿರಲಿಲ್ಲ. ಕೆಲವರು ಧೂಳು ಎಂದರು, ಕೆಲವರು ಅನಿಲ ಎಂದರು. 1890ರ ದಶಕದ ಆರಂಭದಲ್ಲಿ ಇಟಲಿಯ ಬಾರ್ತೊಲೊಮಿಯೊ ಗೋಸಿಯೊ, ಆರ್ಸೆನಿಕ್ ಇರುವ ಹಿಟ್ಟಿನ ಮೇಲೆ ಕೆಲವು ಬಗೆಯ ಬೂಷ್ಟು ಬೆಳೆದಾಗ ಬೆಳ್ಳುಳ್ಳಿ ವಾಸನೆಯ ಅನಿಲ ಹೊಮ್ಮುತ್ತದೆ ಎಂದು ತೋರಿಸಿದ. ಅದು ಯಾವ ಅನಿಲ ಎಂದು ಗೊತ್ತಾಗಲು 1930ರ ದಶಕದವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಫ್ರೆಡರಿಕ್ ಚಾಲೆಂಜರ್ ಅದನ್ನು ಟ್ರೈಮೀಥೈಲ್ ಆರ್ಸೀನ್ ಎಂದು ಗುರುತಿಸಿದ. 2005ರಲ್ಲಿ ಇಬ್ಬರು ರಸಾಯನ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಅನಿಲ ಜನ ನಂಬಿದ್ದಷ್ಟು ವಿಷಕಾರಿಯೇ ಅಲ್ಲ ಎಂದು ವಾದಿಸಿದರು. ಅದು ಸರಿಯಾದರೆ ಕೊಂದದ್ದು ಉದುರಿದ ಬಣ್ಣದ ಧೂಳೇ ಇರಬೇಕು. ಕೊಲ್ಲುವ ದಾರಿಯ ಬಗ್ಗೆ ಚರ್ಚೆ ಮುಗಿಯದಿದ್ದರೂ ಸತ್ತವರು ಸತ್ತೇ ಇದ್ದರು. ಚರ್ಚೆ ಮುಗಿಯಲಿ, ಆಮೇಲೆ ನೋಡೋಣ ಎಂದವರಿಗೆ ಮಾತ್ರ ಅದರಿಂದ ಅನುಕೂಲವಾಯಿತು.

ಈ ಕಾಲದ ಗೋಡೆಕಾಗದ ಎಂದರೆ ಇಂದಿಗೂ ಮೊದಲು ನೆನಪಾಗುವ ಹೆಸರು ವಿಲಿಯಂ ಮಾರಿಸ್‌ನದು. ಯಂತ್ರದ ಅಗ್ಗದ ಸರಕನ್ನು ವಿರೋಧಿಸಿದ, ಕೈಕೆಲಸದ ಘನತೆಯನ್ನು ಎತ್ತಿಹಿಡಿದ, ಮುಂದೆ ಸಮಾಜವಾದಿಯಾದ ಕವಿ-ಕಲಾವಿದ ಅವನು. 1864ರಲ್ಲಿ ಬಂದ ಅವನ ಟ್ರೆಲಿಸ್ ಎಂಬ ಕಾಗದದಲ್ಲಿ ಹಂದರಕ್ಕೆ ಹಬ್ಬಿದ ಗುಲಾಬಿ, ನಡುವೆ ಹಕ್ಕಿಗಳು. ಕೈಯಲ್ಲಿ ಅಚ್ಚು ಒತ್ತಿ ಮಾಡಿದ ದುಬಾರಿ ಕಾಗದ. 2003ರಲ್ಲಿ ಆಂಡ್ರ್ಯೂ ಮೆಹಾರ್ಗ್ ಎಂಬ ವಿಜ್ಞಾನಿ ಅದರ ಹಳೆಯ ಮಾದರಿಯೊಂದನ್ನು ಪರೀಕ್ಷಿಸಿದಾಗ ಎಲೆಗಳ ಹಸಿರಿನಲ್ಲಿ ತಾಮ್ರ ಮತ್ತು ಆರ್ಸೆನಿಕ್ ಸಿಕ್ಕವು. ಮಾರಿಸ್‌ನ ಕುಟುಂಬದ ಐಶ್ವರ್ಯ ಬಂದದ್ದು ಡೆವನ್ ಗ್ರೇಟ್ ಕನ್ಸಾಲ್ಸ್ ಎಂಬ ತಾಮ್ರದ ಗಣಿಯ ಷೇರುಗಳಿಂದ. ತಾಮ್ರ ಬರಿದಾದಂತೆ ಆ ಗಣಿ ಆರ್ಸೆನಿಕ್ ಕಡೆ ತಿರುಗಿ, ಲೋಕದ ಅತಿದೊಡ್ಡ ಆರ್ಸೆನಿಕ್ ಉತ್ಪಾದಕರಲ್ಲಿ ಒಂದಾಗಿ ಬೆಳೆಯಿತು. 1871ರಿಂದ 1875ರವರೆಗೆ ಮಾರಿಸ್ ಅದರ ನಿರ್ದೇಶಕರಲ್ಲಿ ಒಬ್ಬ. 1885ರಲ್ಲಿ, ಬಟ್ಟೆಗೆ ಬಣ್ಣ ಹಾಕುವುದರಲ್ಲಿ ಪರಿಣತನಾದ ಗೆಳೆಯ ಥಾಮಸ್ ವಾರ್ಡಲ್‌ಗೆ ಬರೆದ ಕಾಗದದಲ್ಲಿ ಅವನು ಆರ್ಸೆನಿಕ್ ಭಯವನ್ನು ಹಿಂದೊಮ್ಮೆ ಜನರನ್ನು ಹಿಡಿದಿದ್ದ ಮಾಟಗಾತಿಯರ ಭ್ರಾಂತಿಗೆ ಹೋಲಿಸಿ, ವೈದ್ಯರಿಗೆ ಹುಚ್ಚು ಹಿಡಿದಿದೆ ಎಂಬರ್ಥದ ಮಾತು ಬರೆದ. ಈ ವಾರ್ಡಲ್ ಭಾರತದ ಕಾಡುರೇಷ್ಮೆಯನ್ನು ಅಭ್ಯಾಸ ಮಾಡಿ, ಅದೇ ಸುಮಾರಿಗೆ ಇಲ್ಲಿಗೂ ಬಂದುಹೋದವನು.

ಮಾರಿಸ್‌ನನ್ನು ಕಪಟಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವನೂ ಉಳಿದವರ ಹಾಗೆಯೇ, ತನ್ನ ಮನೆಯ ಗೋಡೆಯನ್ನು ನೋಡಿ ತನಗೇನೂ ಆಗಿಲ್ಲ ಎಂದು ನಂಬಿದ್ದವನು. ಒಳ್ಳೆಯ ಅಭಿರುಚಿ, ಒಳ್ಳೆಯ ರಾಜಕೀಯ ಎರಡೂ ಇದ್ದವನಿಗೂ ತನ್ನ ಹಸಿರು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳುವುದು ಕಷ್ಟವಾಯಿತು.

ಅಮೆರಿಕದಲ್ಲಿ ಒಬ್ಬರು ಬೇರೆ ದಾರಿ ಹಿಡಿದರು. 1874ರಲ್ಲಿ ಮಿಶಿಗನ್ ರಾಜ್ಯದ ಪ್ರಾಧ್ಯಾಪಕ ರಾಬರ್ಟ್ ಕೆಡ್ಜಿ, ಅಂಗಡಿಗಳಲ್ಲಿ ಸಿಗುವ ಆರ್ಸೆನಿಕ್ ಕಾಗದಗಳ 80ಕ್ಕೂ ಹೆಚ್ಚು ತುಂಡುಗಳನ್ನು ಪುಸ್ತಕದಂತೆ ಹೊಲಿಸಿ, 100 ಪ್ರತಿ ಮಾಡಿ ರಾಜ್ಯದ ಗ್ರಂಥಾಲಯಗಳಿಗೆ ಕಳಿಸಿದ. ಸಾವಿನ ಗೋಡೆಗಳ ನೆರಳು ಎಂಬ ಅರ್ಥದ ಹೆಸರು ಅದಕ್ಕೆ. ಜನ ತಮ್ಮ ಮನೆಯ ಗೋಡೆಯನ್ನು ಹೋಲಿಸಿ ನೋಡಿಕೊಳ್ಳಲಿ, ಆದರೆ ಮಕ್ಕಳ ಕೈಗೆ ಕೊಡಬೇಡಿ ಎಂಬ ಸೂಚನೆಯೂ ಜೊತೆಗಿತ್ತು. ಮುಂದೆ ಗ್ರಂಥಾಲಯಗಳೇ ಹೆದರಿ ಅವುಗಳನ್ನು ನಾಶಮಾಡಿದವು. ಉಳಿದ ಕೆಲವೇ ಪ್ರತಿಗಳಲ್ಲಿ ಪುಟಗಳನ್ನು ಪಾರದರ್ಶಕ ಹಾಳೆಯಲ್ಲಿ ಮುಚ್ಚಿ ಇಟ್ಟಿದ್ದಾರೆ.

ಬ್ರಿಟನ್‌ನಲ್ಲಿ ಗೋಡೆಕಾಗದದ ಆರ್ಸೆನಿಕ್ ನಿಷೇಧಿಸುವ ಕಾನೂನು ಕೊನೆಗೂ ಬರಲಿಲ್ಲ. ಬದಲಾವಣೆ ತಂದದ್ದು ಅಂಗಡಿಯಲ್ಲಿ ನಿಂತು ಇದರಲ್ಲಿ ಆರ್ಸೆನಿಕ್ ಇದೆಯೇ ಎಂದು ಕೇಳತೊಡಗಿದ ಗಿರಾಕಿಗಳು. ಪತ್ರಿಕೆಗಳ ವರದಿ, ಮಹಿಳಾ ಸಂಘಟನೆಗಳ ಪ್ರಚಾರ, ವೈದ್ಯರ ಪತ್ರಗಳು ಸೇರಿ 1880ರ ದಶಕದ ಹೊತ್ತಿಗೆ ಆ ಪ್ರಶ್ನೆಯನ್ನು ಮನೆಮನೆಗೆ ಮುಟ್ಟಿಸಿದ್ದವು. ತಯಾರಕರು ತಮ್ಮ ಕಾಗದಕ್ಕೆ ಆರ್ಸೆನಿಕ್ ಇಲ್ಲ ಎಂಬ ಚೀಟಿ ಹಚ್ಚಿ ಜಾಹೀರಾತು ಕೊಡತೊಡಗಿದರು. ಮಾರಿಸ್‌ನ ಕಾಗದಗಳನ್ನು ಮುದ್ರಿಸುತ್ತಿದ್ದ ಜೆಫ್ರಿ ಕಂಪನಿಯೂ ಆ ಬಣ್ಣ ಬಿಟ್ಟಿತು. ಅವನ ಸ್ವಂತ ಅಭಿಪ್ರಾಯಕ್ಕಿಂತ ಗಿರಾಕಿಯ ಪ್ರಶ್ನೆ ದೊಡ್ಡದಾಯಿತು.

ಆದರೆ ಪ್ರಶ್ನೆ ಒಂದೇ ವಸ್ತುವಿನ ಬಗ್ಗೆ ಇತ್ತು. ಆರ್ಸೆನಿಕ್ ಬಿಟ್ಟ ಮೇಲೆ ಹಸಿರು ಬೇಡವೆಂದು ಯಾರೂ ಹೇಳಲಿಲ್ಲ. ಅದರ ಜಾಗ ತುಂಬಿದ ಬಣ್ಣಗಳಲ್ಲಿ ಕ್ರೋಮ್ ಗ್ರೀನ್ ಒಂದು. ನೀಲಿಗೆ ಕ್ರೋಮ್ ಹಳದಿ ಬೆರೆಸಿ ಮಾಡುವ ಈ ಹಸಿರಿನಲ್ಲಿ ಆರ್ಸೆನಿಕ್ ಇರಲಿಲ್ಲ, ಸೀಸ ಇತ್ತು. ಕ್ರೋಮ್ ಹಳದಿ ಎಂದರೆ ಸೀಸದ ಕ್ರೋಮೇಟ್.

ಕಥೆ ನಮ್ಮ ಮನೆಯ ಬಾಗಿಲಿಗೆ ಬರುವುದು ಇಲ್ಲಿ. ನಮ್ಮ ಹಳೆಯ ಮನೆಗಳ ಗೋಡೆಗೆ ಬಳಿಯುತ್ತಿದ್ದ ಸುಣ್ಣ ಕ್ಷಾರಗುಣದ್ದು, ಬೂಷ್ಟು ಅದರ ಮೇಲೆ ಸುಲಭವಾಗಿ ಬೆಳೆಯುವುದಿಲ್ಲ. ವರ್ಷವರ್ಷವೂ ಬಳಿಯಬೇಕಾದ ಸುಣ್ಣದ ಜಾಗಕ್ಕೆ, ಹತ್ತು ವರ್ಷ ಬಾಳುವ, ಒರೆಸಿದರೆ ಹೊಳೆಯುವ ಎಣ್ಣೆಬಣ್ಣ ಬಂದಾಗ ಎಲ್ಲರೂ ಖುಷಿಪಟ್ಟರು. ಹಬ್ಬಕ್ಕೆ ಮುಂಚೆ ಬಾಗಿಲಿಗೆ, ಕಿಟಕಿಯ ಸರಳಿಗೆ, ಮಕ್ಕಳ ತೊಟ್ಟಿಲಿಗೆ ಹಳದಿ, ಹಸಿರು, ಕೆಂಪು ಎನಾಮೆಲ್ ಹಚ್ಚಿದ ಮನೆಗಳು ಎಷ್ಟೋ. ಆ ಹೊಳಪಿನ ಬಣ್ಣಗಳಲ್ಲಿ, ಮುಖ್ಯವಾಗಿ ಹಳದಿಯಲ್ಲಿ, ಸೀಸ ಇರುತ್ತಿತ್ತು. ಒಣಗಿ ಉದುರಿದ ಚಕ್ಕೆಯೂ, ಹೊಸ ಬಣ್ಣಕ್ಕೆ ಮುಂಚೆ ಉಜ್ಜುಕಾಗದದಿಂದ ತಿಕ್ಕುವಾಗ ಏಳುವ ಧೂಳೂ ನೆಲದ ಮೇಲೆ ಆಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತವೆ. ಸೀಸ ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ನಡೆಸಿದ ಸಮೀಕ್ಷೆಯಲ್ಲಿ ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ ಸೇರಿದಂತೆ ಹಲವು ನಗರಗಳ ಜನರ ರಕ್ತ ಪರೀಕ್ಷೆ ನಡೆಯಿತು. 12 ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಸೀಸ ಆಗ ಅಪಾಯದ ಗೆರೆ ಎನಿಸಿದ್ದ ಮಟ್ಟವನ್ನು ಮೀರಿತ್ತು. ಅದಕ್ಕೆ ದೊಡ್ಡ ಕಾರಣ ಸೀಸ ಬೆರೆಸಿದ ಪೆಟ್ರೋಲ್. 2000ದಲ್ಲಿ ಅದು ನಿಂತಿತು. ಬಣ್ಣದ ಮಾತು ಇನ್ನೂ ನಿಧಾನವಾಗಿ ಸಾಗಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅವರಂಥವರು ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದರು. ಕೊನೆಗೆ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು, ಡಬ್ಬಿಯ ಮೇಲೆ ಅದನ್ನು ನಮೂದಿಸಬೇಕು. 2017ರ ನವೆಂಬರ್ 1ರಿಂದ ಇದು ಜಾರಿಯಲ್ಲಿದೆ.

ನಿಯಮ ಹೊಸ ಡಬ್ಬಿಗೆ ಅನ್ವಯಿಸುತ್ತದೆ. ಅದಕ್ಕೆ ಮುಂಚೆ ಹಚ್ಚಿದ ಬಣ್ಣ ಹಳೆಯ ಬಾಗಿಲು, ಕಿಟಕಿ, ತೊಟ್ಟಿಲುಗಳ ಮೇಲೆ ಹೊಸ ಬಣ್ಣದ ಅಡಿಯಲ್ಲಿ ಹಾಗೇ ಕೂತಿದೆ, ಇಂಗ್ಲೆಂಡಿನ ಗೋಡೆಯಲ್ಲಿ ಕಾಗದದ ಮೇಲೆ ಕಾಗದ ಕೂತಿದ್ದ ಹಾಗೆ. ಹಬ್ಬದ ಮುಂಚೆ ಅದನ್ನು ಉಜ್ಜಿ ತೆಗೆಯುವವನು ಸಾಮಾನ್ಯವಾಗಿ ದಿನಗೂಲಿಗೆ ಬಂದವನು. ಅವನ ಮುಖಕ್ಕೆ ಒಂದು ಕರವಸ್ತ್ರ ಸಿಕ್ಕರೆ ಹೆಚ್ಚು. ತೇವ ಮಾಡಿ ಉಜ್ಜಿದರೆ ಧೂಳು ಏಳುವುದಿಲ್ಲ. ಅವನಿಗೆ ಒಂದು ಒಳ್ಳೆಯ ಮುಖಗವಸು ಕೊಡುವುದಕ್ಕೆ, ಮಕ್ಕಳನ್ನು ಆ ಎರಡು ದಿನ ಕೋಣೆಯಿಂದ ದೂರ ಇಡುವುದಕ್ಕೆ, ಡಬ್ಬಿ ಕೊಳ್ಳುವಾಗ ಇದರಲ್ಲಿ ಸೀಸ ಎಷ್ಟಿದೆ ಎಂದು ಕೇಳುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. 1880ರ ದಶಕದ ಲಂಡನ್ನಿನಲ್ಲಿ ಗೋಡೆಯ ಬಣ್ಣ ಬದಲಾದದ್ದು ಅಂಥದ್ದೇ ಒಂದು ಪ್ರಶ್ನೆಯಿಂದ. ಮಟಿಲ್ಡಾ ಶೂರರ್ ಬದುಕಿದ್ದಾಗ ಆ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ.